ಹುಲ್ಲು ಸುಟ್ಟರೆ ಚಿಗರಿ ಎಲ್ಲಿಗೆ ಹೋಗಬೇಕು?

ಬೆಳಗಾದರೆ ಸಾಕು, ತೋಟಪ್ಪನ ಶೇಂಗಾ ಹೊಲದ ತುಂಬ ಜಿಂಕೆಗಳ ಗೊರಸಿನ ಗುರುತು. ದರೋಜಿ ಕಡೆ ಜಿಂಕೆಯನ್ನು ಚಿಗರಿ ಎನ್ನುತ್ತಾರೆ. ಆ ಮಧ್ಯಾಹ್ನ ತೋಟಪ್ಪ ದೇವರ ಮಾಡದಲ್ಲಿ ದೀಪದ ಪಕ್ಕವಿದ್ದ ಕಡ್ಡಿಪೆಟ್ಟಿಗೆ ಎತ್ತಿಕೊಂಡು ಹೊಲದಾಚೆಯ ಗುಡ್ಡದ ಬುಡಕ್ಕೆ ನಡೆದ. ಅಲ್ಲಿ ಸೊಂಟದೆತ್ತರ ಒಣಹುಲ್ಲು. ಬಿಸಿಗಾಳಿ ಬೀಸುತ್ತಿತ್ತು.

ಅರಣ್ಯ ಇಲಾಖೆಯಲ್ಲಿ ಕಾವಲು ಕೆಲಸ ಮಾಡುವ ಶಾಂತಕ್ಕ ದೂರದಿಂದಲೇ ಕಂಡು ಓಡಿ ಬಂದಳು.

“ತೋಟಪ್ಪಣ್ಣ, ಕಡ್ಡಿ ಗೀರಬ್ಯಾಡ್ರಿ!”

“ಬಂದ್ಯಾ ಶಾಂತವ್ವ? ನೀ ಏನು ಚಿಗರಿಗೆ ಸೋದರತ್ತಿ ಆಗ್ಬೇಕಾ? ವರ್ಷಾ ಸುಡ್ತೀವಿ. ಕುರಿಗೆ ಹೊಸ ಹುಲ್ಲು ಬರ್ತೈತಿ, ಚಿಗರೀನೂ ಓಡಿ ಹೋಗ್ತಾವು.”

“ಎಲ್ಲಿಗೆ ಓಡ್ತಾವು? ನಿಮ್ಮ ಹೊಲಕ್ಕ! ಹಿಂದ ಸುಟ್ಟ ಜಾಗದಾಗ ಏನು ಬೆಳದೈತಿ ನೋಡ್ರಿ.”

ತೋಟಪ್ಪ ತಿರುಗಿ ನೋಡಿದ. ಬರೀ ಲಂಟಾನದ ಮುಳ್ಳುಪೊದೆ.

“ಅದನ್ನ ನಿಮ್ಮ ಕುರಿ ತಿಂತಾವೇನು? ಚಿಗರೀನೂ ತಿನ್ನಂಗಿಲ್ಲ. ಮೇವಿಲ್ದ ತಾಯಿಗೆ ಹಾಲಿಲ್ಲ. ಮರೆ ಇಲ್ದ ಮರಿ ನಾಯಿ ಬಾಯಿಗೆ ಬೀಳ್ತಾವು. ಮೊದಲ ಇಪ್ಪತ್ತಿದ್ವು, ಈಗ ಏಳು.”

“ಕಡಿಮಿ ಆದ್ರ ಭಾಳ ಚಲೋ ಆತು!”

“ಇಪ್ಪತ್ತಿದ್ದಾಗ ನಿಮ್ಮ ಹೊಲಕ್ಕ ಬರ್ತಿದ್ವೇನು?”

ತೋಟಪ್ಪ ಪೆಟ್ಟಿಗೆ ತೆರೆದ. ಸಿಟ್ಟಿನಲ್ಲಿ ಕಡ್ಡಿ ಗೀರಿಯೇಬಿಟ್ಟ. ಹುಲ್ಲು ಚಟಚಟ ಉರಿಯತೊಡಗಿತು.

ಹತ್ತು ಮಾರು ದೂರದಲ್ಲಿ ಹೆಣ್ಣು ಜಿಂಕೆಯೊಂದು ಎದ್ದು ನಿಂತಿತು. ಓಡಲಿಲ್ಲ. ಬೆಂಕಿಯ ಮುಂದಿದ್ದ ಒಂದು ಹುಲ್ಲಿನ ಬುಡವನ್ನೇ ದಿಟ್ಟಿಸುತ್ತಿತ್ತು.

“ಅಣ್ಣಾ, ಅಲ್ಲಿ ಮರಿ ಐತಿ! ಬೆಂಕಿ ಬಂದ್ರೂ ಏಳಂಗಿಲ್ಲ ಅದು. ತಾಯಿ ಮಲಗಿಸಿದಲ್ಲೇ ಇರ್ತೈತಿ!”

ತೋಟಪ್ಪ ಹೆಗಲ ಕಂಬಳಿಯನ್ನೇ ಉರಿಯ ಮೇಲೆ ಹಾಕಿ ತುಳಿದ. ಶಾಂತಕ್ಕ ಹಸಿ ಟೊಂಗೆ ಮುರಿದು ಬಡಿದಳು. ಗಾಳಿ ಬೆಂಕಿಯನ್ನು ಮುಂದಕ್ಕೇ ದೂಡುತ್ತಿತ್ತು. ಮರಿಗೆ ಎರಡು ಮೊಳ ಉಳಿದಿದ್ದಾಗ ಉರಿ ಆರಿತು. ಮರಿ ಕಿವಿಯನ್ನೂ ಅಲ್ಲಾಡಿಸದೆ ಮಲಗಿತ್ತು. ಕಣ್ಣು ಮಾತ್ರ ತೆರೆದಿತ್ತು.

“ಮುಟ್ಟಬ್ಯಾಡ್ರಿ. ನಾವು ಹೋದ್ರ ತಾಯಿ ಬರ್ತೈತಿ.”

ಬದುವಿನ ಮೇಲೆ ನಿಂತು ನೋಡಿದರು. ತಾಯಿ ಬಂತು. ಮರಿಯ ಮೈ ನೆಕ್ಕಿತು. ತೋಟಪ್ಪ ಕೈ ಮುಗಿದ.

“ನನ್ನ ಶೇಂಗಾದ ಗತಿ ಏನವ್ವ?”

“ಲಂಟಾನ ಕೀಳೋಣು, ಹುಲ್ಲು ಬೆಳೀಲಿ. ಅಲ್ಲೇ ಮೇವು ಸಿಕ್ರ ಇಲ್ಲಿಗ್ಯಾಕ ಬರ್ತಾವು? ಹಾಳಾದ ಬೆಳಿಗೆ ಪರಿಹಾರ ಕೇಳಿ ಅರಣ್ಯ ಕಚೇರಿಗೆ ಅರ್ಜಿ ಕೊಡ್ರಿ. ನಾನೂ ಬರ್ತೀನಿ.”

ಸಂಜೆ ಹೆಂಡತಿ ಪಂಪಮ್ಮ ಮಾಡದ ಮುಂದೆ ನಿಂತು ಕೇಳಿದಳು: “ಕಡ್ಡಿಪೆಟ್ಟಿಗಿ ಎಲ್ರಿ?”

ತೋಟಪ್ಪ ಮಸಿ ಹತ್ತಿದ ಕೈ ತೊಳೆದು ಅದನ್ನು ಅವಳಿಗೆ ಕೊಟ್ಟ.

“ಇನ್ನ ಇದು ದೀಪಕ್ಕಷ್ಟ.”

ಅಣ್ಣಂದಿರೆ, ಅಕ್ಕಂದಿರೆ, ನಿಮ್ಮೂರ ಗುಡ್ಡದ ಹುಲ್ಲಿನಲ್ಲೂ ಒಂದು ಮರಿ ಮಲಗಿರಬಹುದು. ಅದು ಕೂಗುವುದಿಲ್ಲ, ಓಡುವುದಿಲ್ಲ. ದಯವಿಟ್ಟು ಹುಲ್ಲಿಗೆ ಬೆಂಕಿ ಹಚ್ಚಬೇಡಿ. ಅದರ ಮನೆ ಉಳಿದರೆ ನಿಮ್ಮ ಹೊಲವೂ ಉಳಿಯುತ್ತದೆ.