ಎದೆಗೂಡಿನ ಮೇಲಿನ ಬಾಗಿಲು

ರಾಜಶ್ರೀಯ ಮೈಮೇಲೆ ದೇವಿ ಬರುತ್ತಾಳೆಂದು ತಾಂಬಾದ ಜನ ನಂಬಿ ಐದು ತಿಂಗಳಾಗಿತ್ತು. ನಂಬದೆ ಇದ್ದವಳು ರಾಜಶ್ರೀ ಒಬ್ಬಳೇ.

ಶುರುವಾದದ್ದು ನಿಂಬೆ ತೋಟದಲ್ಲಿ. ಮೇಲಿನ ಕೊಂಬೆಗೆ ಎರಡೂ ಕೈ ಎತ್ತಿ ಕಾಯಿ ಹರಿಯುವಾಗ ಅವಳ ಮುಖ ಕೆಂಪೇರಿ ಊದಿತು, ಗಂಟಲಿನಿಂದ ಸೀಟಿಯಂಥ ಸದ್ದು ಬಂತು. ಜೊತೆಗಿದ್ದ ಹೆಂಗಸರು ಬುಟ್ಟಿ ಬಿಟ್ಟು ಕಾಲಿಗೆ ಬಿದ್ದರು. ಅತ್ತೆ ಇಂದ್ರಾಬಾಯಿಗೆ ಸ್ವರ್ಗ ಮೂರೇ ಗೇಣು. ಅಲ್ಲಿಂದ ಪ್ರತಿ ಮಂಗಳವಾರ ಅಂಗಳದಲ್ಲಿ ಸೊಸೆಯನ್ನು ಕೂಡಿಸಿ, ಬೇವಿನ ಸೊಪ್ಪು ಕೊಟ್ಟು ಕೈ ಎತ್ತಿಸುವುದೇ ಆಯಿತು. ದೇವಿ ಬೇಗ ಹೋಗಬಾರದೆಂದು ಇಬ್ಬರು ಹೆಂಗಸರು ಅವಳ ಮುಂಗೈ ಹಿಡಿದು ನಿಲ್ಲುತ್ತಿದ್ದರು. ಜನ ಕೇಳಿದ್ದಕ್ಕೆಲ್ಲ ಅವಳು ತಲೆ ಆಡಿಸುತ್ತಿದ್ದಳು. ಬೇಡ ಎನ್ನಲು ಉಸಿರಾದರೂ ಇರಬೇಕಲ್ಲ!

ಹೋದ ವಾರ ಕೆಮ್ಮಿನ ನೆಪ ಹೇಳಿ ಗಂಡನೊಂದಿಗೆ ಇಂಡಿಗೆ, ಡಾಕ್ಟರ್ ಸಗೀರಾ ಹತ್ತಿರ ಹೋಗಿದ್ದಳು. ಕೈ ಎತ್ತಲು ಹೇಳಿದ ಡಾಕ್ಟರ್, ನಿಮಿಷ ತುಂಬುವ ಮೊದಲೇ ತಾವೇ ಎದ್ದು ಆ ಕೈ ಇಳಿಸಿದರು. ಆಮೇಲೆ ತೆಗೆಸಿದ ಎದೆಯ ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಎದೀಗೂಡಿಗೆ ಮ್ಯಾಲೊಂದು ಬಾಗಲಾ ಐತಿ, ಇಲ್ಲಿ, ಕೊರಳ ಬುಡಕ್ಕ. ಭಾಳ ಸಣ್ಣದು. ಉಸಿರಿನ ಕೊಳವಿ, ಅನ್ನದ ಕೊಳವಿ, ರಕ್ತದ ನರ, ಎಲ್ಲಾ ಅದರಾಗಿಂದನ ಹೋಗಬೇಕು. ನಿನ್ನ ಗಂಟಲ ಗಡ್ಡಿ ಕೆಳಗ ಬೆಳದು ಅಲ್ಲೇ ಕುಂತೈತಿ. ಕೈ ಎತ್ತಿದರ ಬಾಗಲಾ ಬಿಗೀತೈತಿ."

ವಿಜಯಪುರದಲ್ಲಿ ಬೇಗ ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಕೈ ಎತ್ತಲೇ ಕೂಡದು ಎಂದರು. ಗಂಡ ಸಿದ್ದರಾಯ ಮನೆಗೆ ಬಂದು ತಾಯಿಯ ಮುಖ ನೋಡಿದ. ತಾಯಿ ಒಂದೇ ಮಾತು ಕೇಳಿದಳು: "ದೇವಿ ಕುಂತ ಜಾಗಾಕ್ಕ ಚಾಕು ಹಚ್ಚತಾರೇನು?" ಅಲ್ಲಿಗೆ ಮುಗಿಯಿತು.

ಮತ್ತೆ ಮಂಗಳವಾರ ಬಂತು. ಅಂಗಳ ತುಂಬಿತ್ತು. ರಾಜಶ್ರೀಗೆ ಬೆಳಗಿನಿಂದ ಒಂದೇ ಯೋಚನೆ. ಇವತ್ತು ಬಿಗಿದ ಬಾಗಿಲು ಮತ್ತೆ ಸಡಿಲಾಗದಿದ್ದರೆ? ಸೊಸೆಯ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ, ದೇವಿಯದು ನಡೆಯುತ್ತದೆ. ಹೇಳಬೇಕಾದ ನಾಲ್ಕು ಮಾತನ್ನು ಅವಳು ಹಿತ್ತಲಲ್ಲಿ ನಿಂತು ಬಾಯಿಪಾಠ ಮಾಡಿಕೊಂಡಿದ್ದಳು.

ಕೈಗಳು ಮೇಲೆ ಹೋದವು. ಮುಖ ಬಿಸಿಯಾಯಿತು, ಕಣ್ಣು ಮಂಜಾಯಿತು. ಉಸಿರು ಪೂರ್ತಿ ಕಟ್ಟುವ ಮೊದಲೇ ಅವಳು ದೇವಿಯ ದನಿಯಲ್ಲಿ ಹೇಳಿದಳು:

"ಈ ಮಗಳನ್ನ ನಾಳೆನ ವಿಜಾಪುರ ದವಾಖಾನಿಗೆ ಒಯ್ರಿ. ಗಡ್ಡಿ ತಗಸ್ರಿ. ನಾ ಹೊಂಟೇನಿ."

ಆಮೇಲೆ ಕೈ ಬಿಡಿ ಎನ್ನಲು ಹೋದರೆ ಬರೀ ಸೀಟಿ ಬಂತು. ಹೊರಟು ನಿಂತ ದೇವಿಯ ಕೈ ಯಾರು ಬಿಡುತ್ತಾರೆ? ಹೆಂಗಸರಿಬ್ಬರೂ ಇನ್ನಷ್ಟು ಬಿಗಿಯಾಗಿ ಹಿಡಿದರು. ಸತ್ತೆ ಅಂದುಕೊಂಡಳು ರಾಜಶ್ರೀ. ಕಟ್ಟಕಡೆಗೆ ಮೈಯ ಭಾರವನ್ನೆಲ್ಲ ನೆಲಕ್ಕೆ ಬಿಟ್ಟಳು. ಬಳೆ ಒಡೆದವು, ಮುಂಗೈ ಜಾರಿತು, ಅವಳು ಪಕ್ಕಕ್ಕೆ ಉರುಳಿದಳು.

ಉಸಿರು ಎಳೆಎಳೆಯಾಗಿ ಒಳಗೆ ಬಂತು. ಇಂದ್ರಾಬಾಯಿ ಆಗಲೇ ಮಗನಿಗೆ ನಾಳೆಯ ಗಾಡಿ ಗೊತ್ತುಮಾಡಲು ಹೇಳುತ್ತಿದ್ದಳು. ಆಮೇಲೆ ಸೊಸೆಯ ಕಾಲ ಬಳಿ ಬಂದು ಕೈಮುಗಿದು, ಮೆಲ್ಲಗೆ ಕೇಳಿದಳು:

"ಮತ್ತ ಯಾವಾಗ ಬರ್ತಿಯವ್ವಾ ತಾಯಿ?"

ರಾಜಶ್ರೀ ಇದ್ದಷ್ಟು ಉಸಿರನ್ನು ತನಗೇ ಇಟ್ಟುಕೊಂಡಳು.