ನಾನೂರ ಏಳರ ದೂರು

ಹನ್ನೊಂದು ವರ್ಷ ಅವಳು ಆ ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತು ದೂರು ಕೇಳಿದ್ದಳು. ಕೋಣೆ ತೀರಾ ನಿಶ್ಶಬ್ದವಾಗಿದೆ, ನಿದ್ದೆಯೇ ಬರುತ್ತಿಲ್ಲ ಎಂದವರಿದ್ದರು. ಐಸು ಬೇಗ ಕರಗಿತೆಂದು ಕೆಂಡವಾದವರಿದ್ದರು. ಸೋಪಿನ ಬಣ್ಣ ಟವೆಲಿಗೆ ಹೊಂದುತ್ತಿಲ್ಲವೆಂದು ಒಬ್ಬ ಮಹಾರಾಯ ಸ್ನಾನವನ್ನೇ ಬಿಟ್ಟಿದ್ದ. ಅಲ್ಲಿ ಎಲ್ಲರಿಗೂ ನಗುಮುಖದಿಂದ "ಕ್ಷಮಿಸಿ" ಎನ್ನುತ್ತಿದ್ದವಳು ಮನೆಗೆ ಬಂದು ಅತ್ತೆಯೆದುರು ಅವರನ್ನೆಲ್ಲ ನಟಿಸಿ ತೋರಿಸುತ್ತಿದ್ದಳು.

"ಕೊಬ್ಬು ಕಣೇ, ಬರೀ ಕೊಬ್ಬು!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹನ್ನೊಂದನೆಯ ವರ್ಷ ಮಾಲೀಕರು ಅವಳ ಕೆಲಸ ಮೆಚ್ಚಿ, ಅದೇ ಹೋಟೆಲಿನಲ್ಲಿ ಮೂರು ದಿನ ಪುಕ್ಕಟೆ ತಂಗಲು ಕೋಣೆ ಕೊಟ್ಟರು. ಬಸ್ ಓಡಿಸುವ ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆಯನ್ನೇ ಕರೆದುಕೊಂಡು ಹೋದಳು.

ಮೊದಲ ದಿನ ಅತ್ತೆ ನಾನೂರ ಏಳನೆಯ ಕೋಣೆಯಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಓಡಾಡಿದರು. ಬಿಳಿ ಹಾಸಿಗೆ ಕೊಳೆಯಾದೀತೆಂದು ಕುರ್ಚಿಯ ತುದಿಯಲ್ಲಿ ಕೂತರು. ಮರುದಿನ ಹತ್ತಕ್ಕೆ ಕೋಣೆ ಚೊಕ್ಕ ಮಾಡುವವಳು ಬರುವಷ್ಟರಲ್ಲಿ ಲೋಟ ತೊಳೆದು, ಬಚ್ಚಲು ಉಜ್ಜಿ, ಕಸದ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಿನಗ್ಯಾಕಮ್ಮ ತೊಂದರೆ? ಕೂತ್ಕೋ, ಕಾಲು ನೋಯ್ತಿರತ್ತೆ."

"ಅಯ್ಯೋ, ನೀವೇ ಮಾಡಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ ಅಮ್ಮ!" ಎಂದ ಅವಳು ಹಾಸಿಗೆಯನ್ನೆಲ್ಲ ಕಿತ್ತು ಮತ್ತೆ ಹಾಸಿ, ನಾಲ್ಕು ದಿಂಬು ಬಡಿದು ಉಬ್ಬಿಸಿಟ್ಟಳು. ಅತ್ತೆ ಕೈಕಟ್ಟಿ ಕೂತು ಬಾಯಿ ಬಿಟ್ಟುಕೊಂಡು ನೋಡಿದರು. ಮಧ್ಯಾಹ್ನ ಆ ಹಾಸಿಗೆಯಲ್ಲಿ ಮಲಗಿದವರು ಸಂಜೆ ಎದ್ದಾಗ ಬೇರೆಯೇ ಅತ್ತೆಯಾಗಿದ್ದರು.

ಮೂರನೆಯ ಬೆಳಗ್ಗೆ ಸೊಸೆ ಸ್ನಾನ ಮುಗಿಸಿ ಬಂದರೆ, ಅತ್ತೆ ಮಲಗಿದಲ್ಲಿಂದಲೇ ಫೋನು ಹಿಡಿದಿದ್ದರು.

"ಹಲೋ, ನಾನೂರ ಏಳು. ಹತ್ತೂ ಕಾಲಾಯ್ತು, ಇನ್ನೂ ಯಾರೂ ಬಂದಿಲ್ಲ. ಇನ್ನೊಂದು, ಎಡಗಡೆ ದಿಂಬು ಬಲಗಡೇದಕ್ಕಿಂತ ಮೆತ್ತಗಿದೆ. ಬರ್ಕೊಂಡ್ರಾ?"

"ಅತ್ತೆ! ಮನೇಲಿ ಹಳೇ ಬೆಡ್‌ಶೀಟ್ ಮಡಚಿ ತಲೆಗಿಟ್ಕೊಂಡು ಮಲಗೋರು ನೀವು!"

"ಅದು ಮನೆ. ಆ ಮಾತು ಈಗ್ಯಾಕೆ?"

ಅವಳು ಒದ್ದೆ ತಲೆಯಲ್ಲೇ ಲಿಫ್ಟಿಗೆ ಓಡಿ ಕೆಳಗಿಳಿದಳು. ಎಲ್ಲರೂ ಮೀಸೆಯಣ್ಣ ಎನ್ನುವ ಅವಳ ಸಹೋದ್ಯೋಗಿ ತಲೆಬಗ್ಗಿಸಿ ದೂರಿನ ಪುಸ್ತಕದಲ್ಲಿ ಬರೆಯುತ್ತಿದ್ದ.

"ಮೀಸೆಯಣ್ಣ, ಅದನ್ನ ಹೊಡೆದುಹಾಕಿ. ಫೋನು ಮಾಡಿದ್ದು ನಮ್ಮತ್ತೆ."

ಅವನು ಅಭ್ಯಾಸಬಲದಿಂದ ತಲೆಯೆತ್ತದೆ ಕೇಳಿದ. "ಪರವಾಗಿಲ್ಲ ಮೇಡಂ. ಬೇರೆ ಏನಾದ್ರೂ ತೊಂದರೆ?"

"ಏನೂ ಇಲ್ಲ." ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. "ಅಂದ್ರೆ... ಆ ಲಿಫ್ಟು ಸ್ವಲ್ಪ ನಿಧಾನ ಅಲ್ವಾ? ಎರಡು ನಿಮಿಷ ಕಾದೆ."

ಮೀಸೆಯಣ್ಣ ಪೆನ್ನು ಕೆಳಗಿಟ್ಟು ಅವಳನ್ನೇ ದಿಟ್ಟಿಸಿದ. ಅವಳ ಕಿವಿ ಕೆಂಪಾಯಿತು. ನಾಚಿಕೆಗೆ ನಾಲ್ಕು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿದಳು.

ಏದುಸಿರು ಬಿಡುತ್ತ ಒಳಗೆ ಬಂದಾಗ ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಮಲಗಿದ್ದರು. "ಎಲ್ಲಿ ಹೋಗಿದ್ದೆ? ಬಿಸಿಲು ಮುಖಕ್ಕೇ ಹೊಡೀತಿದೆ, ಆ ಪರದೆ ಎಳಿ."

"ಕೈ ಚಾಚಿದ್ರೆ ನಿಮಗೇ ಸಿಗತ್ತಲ್ಲ ಅತ್ತೆ!"

"ಸಿಗತ್ತೆ," ಎಂದು ಒಪ್ಪಿಕೊಂಡ ಅತ್ತೆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. "ಆದ್ರೆ ಇಷ್ಟು ದೊಡ್ಡ ಹೋಟೆಲಲ್ಲಿ ಅದಕ್ಕೂ ಒಬ್ಬರು ಇಲ್ವೇನೇ?"