ಮೇಣೆಯ ಗಾದಿ

“ನಿಮ್ಮೌನ, ದಂಡಿಗಿ ಹಿಡೀರಂದ್ರ ಗಾದಿಗಿ ಕೈ ಹಚ್ತೀರೇನಲೇ ಸೂಳೆಮಕ್ಳಾ!”

ಗೌಡ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದ. ಜಾರಿದ ಗಾದಿಯನ್ನು ಸರಿಪಡಿಸಲು ಹೋದ ಅಂಬಾರಾಯನ ಬೆನ್ನಿಗೆ ಬಡಿಗೆ ಬಿದ್ದಿತ್ತು. ಮೇಣೆ ಹೊರುವ ದಂಡಿಗೆಗೆ ನಮ್ಮ ಹೆಗಲು ಬೇಕು, ಒಳಗಿನ ಗಾದಿ ಮುಟ್ಟಿದರೆ ಮಾತ್ರ ಮೈಲಿಗೆ. ನಮ್ಮ ಮೈಲಿಗೆ ಎಲ್ಲಿ ಶುರುವಾಗುತ್ತದೆ ಎನ್ನುವುದು ಆ ಭಾಡ್ಯಾನಿಗೇ ಗೊತ್ತು.

ಹೋಳಿಗೆ ಮುಕ್ಕಿ ಗೌಡನಿಗೆ ಬಿಕ್ಕಳಿಕೆ ಹತ್ತಿತ್ತು. ಅಷ್ಟಕ್ಕೇ ಚಿತ್ತಾಪುರದಿಂದ ಡಾಕ್ಟರ್ ಸಾಹೇಬರನ್ನು ಕರೆಸಿದ್ದ. ದಂಡೋತಿಯವರೆಗೆ ಅವರಿಗೆ ಟಾಂಗಾ. ಅಲ್ಲಿಂದ ಕಾಗಿಣಾ ಹೊಳೆ ದಾಟಿಸಿದ್ದು ಹೊಲಗೇರಿಯ ನಾವು ನಾಲ್ವರು, ಬಿಟ್ಟಿಯಾಗಿ. ಬಿಕ್ಕಳಿಕೆ ನಿಂತು, ಸಾಹೇಬರು ಚಹಾ ಕುಡಿದು ಈಗ ಹೊರಟಿದ್ದರು. ಕೇರಿಯಲ್ಲಿ ಅಂಬಾರಾಯನ ಹೆಂಡತಿ ಗುಂಡಮ್ಮ ಹೆರಲಾಗದೆ ನಿನ್ನೆಯಿಂದ ಒದ್ದಾಡುತ್ತಿದ್ದಳು.

“ಸಾಹೇಬ್ರ, ಒಂದೀಟು ಕೇರಿ ಕಡಿ ಬರ್ರಿ. ನನ್ನ ಹೇಣ್ತಿ ಸಾಯಾಕತ್ತಾಳ್ರಿ,” ಅಂಬಾರಾಯ ನೆಲಕ್ಕೆ ಬಿದ್ದ.

“ದವಾಖಾನಿಗಿ ಕರ್ಕೊಂಡ್ ಬಾ,” ಎಂದರು ಸಾಹೇಬರು.

“ಹೊಳಿ ಹ್ಯಾಂಗ ದಾಟಸ್ಲಿರಿ? ಗೌಡ್ರ, ಮೇಣಿ ಕೊಡ್ರಿ, ನಿಮ್ಮ ಕಾಲ ಬೀಳ್ತೀನಿ.”

“ನಿನ್ನ ಹೇಣ್ತಿ ಹಡದ ಗಾದಿ ಮ್ಯಾಲ ನಾ ಕುಂದ್ರಬೇಕೇನಲೇ?”

ಸಾಹೇಬರು ನಕ್ಕರು. ಬಡಿಗೆಯ ಪೆಟ್ಟಾದರೂ ಮರೆತೇನು, ಆ ನಗೆ ಮರೆಯಲಾರೆ.

ಮೇಣೆ ಹೊತ್ತು ಹೊಳೆಗಿಳಿದೆವು. ನೀರಿನಲ್ಲಿ ಹಿಂದಿನವರಿಗೆ ದಾರಿ ತಿಳಿಯುವುದಿಲ್ಲ. ಮುಂದಿನವನು “ಕಲ್ಲದ” ಅಂದರೆ ಕಾಲೆತ್ತಬೇಕು, “ಕುಣಿ ಅದ” ಅಂದರೆ ಗುಂಡಿ ತಪ್ಪಿಸಿ ಸರಿಯಬೇಕು. ಯಾಕೆ ಎಂದು ಕೇಳುತ್ತ ನಿಂತವನು ಮುಳುಗುತ್ತಾನೆ. ಮುಂದೆ ಅಂಬಾರಾಯ ಇದ್ದ, ಅವನ ಕಾಕಾನ ಮಗ ನಾನು ಹಿಂದಿದ್ದೆ. ನಡುಹೊಳೆಗೆ ಬಂದಾಗ ನೀರು ಎದೆಮಟ್ಟ ಏರಿತ್ತು.

“ಇಳಸ್ರಿ,” ಎಂದ ಅಂಬಾರಾಯ.

ಇಳಿಸಿದೆವು. ನೀರು ಒಳಗೆ ನುಗ್ಗಿ ಸಾಹೇಬರ ತೊಡೆ ತೋಯಿತು.

“ಅರೇ ಎತ್ರಲೇ ಹರಾಮಖೋರ! ಮುಳಗ್ತೀನಿ!”

“ಕೇರಿಗಿ ಬರ್ತೀರೇನ್ರಿ ಸಾಹೇಬ್ರ?” ಅಂಬಾರಾಯ ತಿರುಗಿಯೂ ನೋಡಲಿಲ್ಲ.

“ಪೊಲೀಸರಿಗಿ ಹೇಳಿ ನಿಮ್ಮ ತೊಗಲ ಸುಲಸ್ತೀನಿ!”

“ಇನ್ನೊಂದೀಟು ಇಳಸ್ರಿ.”

“ಬರ್ತೀನಿ! ಬರ್ತೀನಪ್ಪಾ!”

ಅಲ್ಲಿಂದಲೇ ಕೇರಿಗೆ ತಿರುಗಿದೆವು. ಸಾಹೇಬರು ಮೂಗಿಗೆ ದಸ್ತಿ ಹಿಡಿದು ಗುಡಿಸಲು ಹೊಕ್ಕರು. ಹೊರಗೆ ಬಂದಾಗ ಮೂಗಿಗೆ ದಸ್ತಿ ಇರಲಿಲ್ಲ, ಕೈ ರಕ್ತವಾಗಿತ್ತು.

“ಕೂಸಿನ ಕೈ ಹೊರಗ ಬಂದದ. ಇಲ್ಲಿ ಆಗೋ ಕೆಲ್ಸ ಅಲ್ಲ. ಮೇಣಿಗಿ ಹಾಕ್ರಿ, ಜಲ್ದಿ.”

ಗುಂಡಮ್ಮನನ್ನು ಗಾದಿಯ ಮೇಲೆ ಮಲಗಿಸಿದೆವು. ರಕ್ತ ಗಾದಿಗೆ ಇಳಿಯಿತು. ಇಳಿಯಲಿ ಎಂದುಕೊಂಡೆ, ಚೆನ್ನಾಗಿ ಇಳಿಯಲಿ.

ಮೇಣೆ ಹೊತ್ತು ದಡಕ್ಕೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿ ಗೌಡ ಆಳುಗಳೊಂದಿಗೆ ಅಲ್ಲಿಗೆ ಓಡಿಬಂದ. ಒಬ್ಬನ ಕೈಯಲ್ಲಿ ಕೊಳ್ಳಿ ಇತ್ತು.

“ಮೇಣಿ ನೀರಿಗಿಳೀತಂದ್ರ ಕೇರಿಗಿ ಬೆಂಕಿ ಹಚ್ತೀನಿ!”

ನಮ್ಮ ಕಾಲು ನಿಂತವು, ಸುಳ್ಳು ಯಾಕೆ ಹೇಳಲಿ. ಗುಂಡಮ್ಮನ ತಾಯಿ ಭೀಮಮ್ಮ ಸೆರಗು ಸಿಕ್ಕಿಸಿಕೊಂಡು ಗೌಡನ ಎದುರಿಗೆ ಹೋದಳು. ಅಷ್ಟು ಹತ್ತಿರ ನಮ್ಮವರು ಯಾರೂ ನಿಂತದ್ದನ್ನು ನಾನು ಕಂಡಿರಲಿಲ್ಲ.

“ಹಚ್ಚಲೇ! ಗುಡಿಸಲ ಮತ್ತ ಕಟ್ತೀವಿ. ನನ್ನ ಗುಂಡವ್ವನ್ನ ನೀ ಹಡದು ಕೊಡ್ತೀಯೇನಲೇ ಭಾಡ್ಯಾ?”

ಅಂಬಾರಾಯ ನೀರಿಗೆ ಕಾಲಿಟ್ಟ. ನಾವೂ ಇಟ್ಟೆವು. ಸಾಹೇಬರು ದಡದಲ್ಲಿ ಒಂದು ಗಳಿಗೆ ಹಿಂದೆಮುಂದೆ ನೋಡಿ, ಬೂಟು ಬಿಚ್ಚಿ ಎಸೆದು, ಮೇಣೆಯ ಪಕ್ಕ ಹಿಡಿದುಕೊಂಡು ನಮ್ಮೊಂದಿಗೆ ಇಳಿದರು. ಹಿಂದೆ ಹೆಂಗಸರು ಚೀರುವುದು ಕೇಳಿಸಿತು, ಆಮೇಲೆ ಹೊಗೆಯ ವಾಸನೆ ಬಂತು. ಅಲ್ಲಿ ನನ್ನ ಮನೆಯೂ ಇತ್ತು.

ಹೊಳೆ ಅರ್ಧ ದಾಟಿರಬೇಕು, ಗುಂಡಮ್ಮನ ನರಳಾಟ ನಿಂತಿತು.

“ಸಾಹೇಬ್ರ,” ಅಂಬಾರಾಯ ಮುಂದಿನಿಂದಲೇ ಕೇಳಿದ, “ಅದಾಳೇನ್ರಿ?”

ಸಾಹೇಬರು ನಾಡಿ ನೋಡಲು ಅವಳ ಮುಂಗೈ ಹಿಡಿದರು. ಬಹಳ ಹೊತ್ತು ಹಿಡಿದೇ ನಡೆದರು.

“ನಡೀರಿ,” ಎಂದರು. “ನಿಂದರಬ್ಯಾಡ್ರಿ, ನಡೀರಿ.”